ಟಾನ್ಸಿಲ್ ಆಪರೇಷನ್‌ಗೆ ಮುಂಚೆ ಹೊರಬಂದ ಹಳೇ ಚೀಟಿ: ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ ನಾಲ್ಕೂವರೆ ವರ್ಷ. ಊರು ಸೋಮವಾರಪೇಟೆ ಕಡೆ. ಅಪ್ಪನದು ಗೊಬ್ಬರ ಮತ್ತು ತೋಟದ ಔಷಧಿಯ ಅಂಗಡಿ, ಮನೆ ಅಂಗಡಿಯ ಮೇಲೆಯೇ. ಆರ್ಯ ವೈಶ್ಯ ಕುಟುಂಬ. ಮದುವೆ ಸಂಬಂಧದಲ್ಲೇ ಆದದ್ದು, ತಾಯಿ ಮದುವೆಯಾಗಿರುವುದು ಸ್ವಂತ ಸೋದರಮಾವನ ಮಗನನ್ನು. ಜಾತಿ, ಸಂಬಂಧ, ಅಂಗಡಿ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ಮೂರೂ ಈ ಪ್ರಕರಣದೊಳಗೆ ಬರುತ್ತವೆ, ಒಂದನ್ನು ಬಿಟ್ಟರೂ ಉಳಿದದ್ದು ಅರ್ಥವಾಗುವುದಿಲ್ಲ. ನಾನು ಹಲವು ವರ್ಷ ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್ ಆಗಿದ್ದವಳು, ಈ ಮನೆಯವರ ನೆರೆಯವಳು. ತಂದೆ ತಾಯಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಆಸ್ಪತ್ರೆಯ ಹೆಸರೂ ಬೇಡ.

ಹುಡುಗ ಬಹಳ ದಿನದಿಂದ ಬಾಯಿ ತೆರೆದುಕೊಂಡೇ ಮಲಗುತ್ತಿದ್ದ. ಗೊರಕೆ ಪಕ್ಕದ ಕೋಣೆಗೂ ಕೇಳುತ್ತಿತ್ತು. "ಇಲ್ಲಿನ ಥಂಡಿಗೆ ಮೂಗು ಕಟ್ಟುತ್ತೆ, ದೊಡ್ಡವನಾದ ಮೇಲೆ ಸರಿ ಹೋಗುತ್ತೆ" ಅಂತ ಬಂದವರೆಲ್ಲ ಹೇಳಿದರು. ಕೊಡಗಿನ ಮಳೆಗಾಲದಲ್ಲಿ ಯಾವ ಮಗುವಿಗೆ ಮೂಗು ಕಟ್ಟಲ್ಲ ಹೇಳಿ. ಆದರೆ ತಾಯಿಗೆ ಭಯವಾದದ್ದು ಗೊರಕೆ ಮಧ್ಯದಲ್ಲಿ ನಿಂತಾಗ. ಸದ್ದು ನಿಂತುಬಿಡುತ್ತಿತ್ತು, ಹೊಟ್ಟೆ ಏರಿಳಿಯುತ್ತಿತ್ತು, ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಉಸಿರು ಮಾತ್ರ ಇಲ್ಲ. ಆಮೇಲೆ ಒಂದು ದೊಡ್ಡ ಉಸಿರು ಎಳೆದು ಮಗ್ಗುಲಾಗುತ್ತಿದ್ದ. ಬೆಳಿಗ್ಗೆ ಎದ್ದರೆ ಸಿಡಿಮಿಡಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಅವಳು ಒಂದು ರಾತ್ರಿ ಅಂಗಿ ಬಿಚ್ಚಿ ಮಲಗಿಸಿ, ಲೈಟ್ ಹಾಕಿ, ಎದೆ ಕಾಣುವ ಹಾಗೆ ಫೋನಿನಲ್ಲಿ ವಿಡಿಯೋ ಮಾಡಿದಳು. ಮೈಸೂರಿನ ಇಎನ್‌ಟಿ ಡಾಕ್ಟರ್ ಆ ವಿಡಿಯೋವನ್ನು ಎರಡು ಸಲ ಹಾಕಿ ನೋಡಿದರು. ಬಾಯಲ್ಲಿ ಹೇಳಿದ್ದರೆ "ಗೊರಕೆ ಜಾಸ್ತಿ" ಅಂತ ಬರೆದುಕೊಳ್ಳುತ್ತಿದ್ದರೇನೋ, ವಿಡಿಯೋ ನೋಡಿ "ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆ" ಅಂತ ಬರೆದರು. ಎಕ್ಸ್‌ರೇಯಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್ ಅನ್ನುವ ಗ್ರಂಥಿ ಉಸಿರಿನ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತ್ತು, ಟಾನ್ಸಿಲ್ ಎರಡೂ ದಪ್ಪ. ಎರಡನ್ನೂ ಒಟ್ಟಿಗೇ ತೆಗೆಯುವುದು ಅಂತ ತೀರ್ಮಾನವಾಯಿತು.

ಮೊದಲು ಕೊಟ್ಟ ತಾರೀಖು ಜುಲೈನಲ್ಲಿ. ಅದಕ್ಕೆ ಮುಂಚೆ ಫಿಟ್ನೆಸ್ ನೋಡಬೇಕು, ಅಂದರೆ ಮತ್ತು ಬರಿಸುವ ಔಷಧಿ (ಅರಿವಳಿಕೆ) ಕೊಡಬಹುದಾ ಇಲ್ಲವಾ ಅಂತ ಅನಸ್ತೇಶಿಯಾ ವಿಭಾಗದವರು ಪರೀಕ್ಷೆ ಮಾಡಬೇಕು. ಆವತ್ತು ನೋಡಿದ್ದು ಚಿಕ್ಕ ವಯಸ್ಸಿನ ಡಾಕ್ಟರ್. ಹೊರಗೆ ಸಾಲು ಇತ್ತು. "ಜ್ವರ, ಫಿಟ್ಸ್, ಅಸ್ತಮಾ, ಅಲರ್ಜಿ ಏನಾದ್ರೂ ಇದೆಯಾಮ್ಮಾ?" ಅಂತ ಒಂದೇ ಉಸಿರಿಗೆ ಕೇಳಿದರು. ಇವಳು ಇಲ್ಲ ಅಂದಳು. ತೂಕ, ಎದೆ, ಬಾಯಿ, ಹಲ್ಲು ಎಲ್ಲ ಸರಿಯಾಗಿ ನೋಡಿದರು, ಆ ವಿಷಯದಲ್ಲಿ ಕೊರತೆ ಇಲ್ಲ. ಫಾರ್ಮ್‌ನಲ್ಲಿ ಕುಟುಂಬದ ಆರೋಗ್ಯ ಇತಿಹಾಸ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ "ನಿಲ್" ಅಂತ ಬರೆದು ಮುಂದೆ ಹೋದರು. ಆ ಪ್ರಶ್ನೆಯನ್ನು ಕೇಳಿರಲಿಲ್ಲ.

ಜುಲೈ ತಾರೀಖಿಗೆ ಸರಿಯಾಗಿ ಹುಡುಗನಿಗೆ ನೆಗಡಿ ಕೆಮ್ಮು ಹತ್ತಿತು. ಮನೆಯಲ್ಲಿ ಎಲ್ಲರೂ ಹೋಗೋಣ ಅಂದರು, ಅಂಗಡಿಗೆ ಆಳು ಮಾಡಿ ಆಗಿತ್ತು, ಗಾಡಿ ಹೇಳಿ ಆಗಿತ್ತು. ತಾಯಿ ಫೋನ್ ಮಾಡಿ ಕೇಳಿದಳು. ಮುಂದೂಡುವುದು ಒಳ್ಳೆಯದು ಅಂದರು. ಇದರಲ್ಲಿ ಅನುಮಾನ ಬೇಡ. ನೆಗಡಿ ಇದ್ದಾಗ ಗಂಟಲು, ಶ್ವಾಸನಾಳ ಎಲ್ಲ ಸಿಡುಕಿಕೊಂಡಿರುತ್ತವೆ, ಹೊರಗೆ ಕಾಣುವ ಸಿಂಬಳ ನಿಂತ ಮೇಲೂ ಕೆಲವು ವಾರ ಹಾಗೆಯೇ ಇರುತ್ತವೆ. ಅಂಥ ಹೊತ್ತಲ್ಲಿ ಮತ್ತು ಕೊಟ್ಟರೆ ಧ್ವನಿಪೆಟ್ಟಿಗೆಯ ಬಾಗಿಲು ಗಬಕ್ಕನೆ ಮುಚ್ಚಿಕೊಂಡು ಗಾಳಿಯೇ ಒಳಗೆ ಹೋಗದಿರುವ ಸಾಧ್ಯತೆ ಜಾಸ್ತಿ. ಇದಕ್ಕೆ ಥಿಯೇಟರ್‌ನಲ್ಲಿ ಲ್ಯಾರಿಂಗೋಸ್ಪಾಸಂ ಅನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಟಾನ್ಸಿಲ್ ಥರದ ಗಂಟಲ ಆಪರೇಷನ್‌ಗಳಲ್ಲಿ, ಇದರ ಭಯ ಯಾವತ್ತೂ ಇದ್ದದ್ದೇ. ಈ ಲ್ಯಾರಿಂಗೋಸ್ಪಾಸಂ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಮಳೆ ಮುಗಿಯಲಿ, ದಸರಾ ಆದ ಮೇಲೆ ನೋಡೋಣ ಅಂತ ಮಾತಾಯಿತು.

ಈ ಬಿಡುವಿನಲ್ಲಿ ವಿಷಯ ಹೊರಗೆ ಬಂತು. ಆಸ್ಪತ್ರೆಯವರು ಕೊಟ್ಟಿದ್ದ ಕಾಗದಗಳಲ್ಲಿ ಅರಿವಳಿಕೆಯ ಒಪ್ಪಿಗೆ ಪತ್ರವೂ ಇತ್ತು. ಅದನ್ನು ಅವಳು ಮನೆಯಲ್ಲಿ ಕೂತು ಓದಿದಳು. ಸಹಿ ಮಾಡುವ ಹೊತ್ತಲ್ಲಿ ಯಾರೂ ಓದುವುದಿಲ್ಲ, ಓದುವುದಕ್ಕೆ ಆಗುವುದೂ ಇಲ್ಲ, ಮಗು ಅಳುತ್ತಿರುತ್ತದೆ, ಹಿಂದೆ ಜನ ನಿಂತಿರುತ್ತಾರೆ. ಅದರಲ್ಲೊಂದು ಸಾಲು, ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತೇ ಅಂತ. ಅತ್ತೆಯನ್ನು ಕೇಳಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಆ ಮಾತು ಯಾಕೆ ಎತ್ತುತ್ತೀಯಾ, ಮಗು ಆಪರೇಷನ್ ಇಟ್ಕೊಂಡು" ಅಂದರು.

ಬಿಡದೆ ಕೇಳಿದಾಗ ಬಂದ ಕಥೆ ಇದು. ತೊಂಬತ್ತರ ದಶಕದಲ್ಲಿ ಚಿಕ್ಕಮಾವನಿಗೆ, ಅಂದರೆ ಮಾವನ ತಮ್ಮನಿಗೆ, ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಆಪರೇಷನ್ ಬೇಗ ಮುಗಿದಿತ್ತು, ಆದರೆ ರಾತ್ರಿಯೆಲ್ಲ ಅವರಿಗೆ ಉಸಿರು ಬಂದಿರಲಿಲ್ಲ, ಮಿಷನ್‌ನಲ್ಲಿ ಇಟ್ಟಿದ್ದರು. ಮಾರನೇ ಬೆಳಿಗ್ಗೆ ಎದ್ದು ಕೂತರು, ಏನೂ ತೊಂದರೆ ಉಳಿಯಲಿಲ್ಲ. ಮನೆಯಲ್ಲಿ ಇದು ಉಳಿದುಕೊಂಡದ್ದು ಒಂದೇ ರೂಪದಲ್ಲಿ: "ಆ ಡಾಕ್ಟರ್ ಮತ್ತು ಜಾಸ್ತಿ ಕೊಟ್ಟು ಹುಡುಗನನ್ನು ಸಾಯಿಸುವುದರಲ್ಲಿದ್ದ." ಅಷ್ಟು ವರ್ಷ ಆ ಡಾಕ್ಟರಿಗೆ ಶಾಪ ಹಾಕಿಕೊಂಡೇ ಬಂದಿದ್ದಾರೆ. ಇನ್ನೊಬ್ಬ ಡಾಕ್ಟರಿಗೆ ಇದನ್ನು ಹೇಳಬೇಕು ಅಂತ ಯಾರಿಗೂ ಅನ್ನಿಸಿಲ್ಲ. ಯಾಕೆ ಅನ್ನಿಸಬೇಕು? ತಪ್ಪು ಮಾಡಿದ್ದು ಡಾಕ್ಟರ್ ಅಂತಾದರೆ ಅದು ಅವರ ಕೈಯ ವಿಷಯ, ನಮ್ಮ ಮೈಯ ವಿಷಯ ಅಲ್ಲವಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದ ಗಂಟು ಇರುವುದೇ ಇಲ್ಲಿ. ಮನೆಯಲ್ಲಿ ಆದ ವೈದ್ಯಕೀಯ ಘಟನೆಯನ್ನು ನಾವು ಸಿಟ್ಟಾಗಿ ಇಟ್ಟುಕೊಳ್ಳುತ್ತೇವೆ, ಮಾಹಿತಿಯಾಗಿ ಇಟ್ಟುಕೊಳ್ಳುವುದಿಲ್ಲ.

ಅವಳು ಅರಸೀಕೆರೆಯಲ್ಲಿರುವ ಚಿಕ್ಕತ್ತೆಗೆ ಫೋನ್ ಮಾಡಿದಳು. ಆ ಡಿಸ್ಚಾರ್ಜ್ ಚೀಟಿ ಇನ್ನೂ ಇದೆಯಾ ನೋಡಿ ಅಂದಳು. ಎಲ್‌ಐಸಿ ಬಾಂಡು, ಕಂದಾಯ ರಸೀದಿಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸಿಕ್ಕಿತು. ಮಡಿಕೆ ಇದ್ದಲ್ಲಿ ಕಾಗದ ಹರಿದಿತ್ತು, ಮಸಿ ಹಳದಿಗಟ್ಟಿತ್ತು. ವಾಟ್ಸಾಪ್‌ನಲ್ಲಿ ಬಂದ ಫೋಟೋವನ್ನು ನನಗೆ ತಂದು ತೋರಿಸಿ, "ಅಕ್ಕಾ, ಇದೇನು ಬರೆದಿದೆ ನೋಡಿ" ಅಂದಳು. ಇಂಗ್ಲಿಷಿನಲ್ಲಿ ಕೊನೆಯ ಎರಡು ಸಾಲು. ಸ್ಕೋಲಿನ್ ಕೊಟ್ಟ ಮೇಲೆ ಉಸಿರು ಬಹಳ ಹೊತ್ತು ಮರಳಲಿಲ್ಲ, ವೆಂಟಿಲೇಟರ್‌ನಲ್ಲಿ ಇಡಲಾಯಿತು. ಮುಂದೆ ಸ್ಕೋಲಿನ್ ಕೊಡಬಾರದು, ಕುಟುಂಬದವರಿಗೂ ತಿಳಿಸಬೇಕು.

ಮನೆಯವರು ಶಾಪ ಹಾಕುತ್ತಿದ್ದ ಆ ಡಾಕ್ಟರ್ ಎಲ್ಲವನ್ನೂ ಬರೆದು ಕೈಗೆ ಕೊಟ್ಟೇ ಕಳಿಸಿದ್ದರು. ಓದಿದವರು ಇರಲಿಲ್ಲ.

ಸ್ಕೋಲಿನ್ ಅಂದರೆ ಏನು ಅಂತ ಹೇಳಬೇಕು. ಔಷಧಿಯ ಹೆಸರು ಸಕ್ಸಮಿಥೋನಿಯಂ, ಸ್ಕೋಲಿನ್ ಅನ್ನುವುದು ನಮ್ಮ ಥಿಯೇಟರ್‌ಗಳಲ್ಲಿ ಎಲ್ಲರ ಬಾಯಲ್ಲಿ ನಿಂತ ಹೆಸರು. ಇದು ನಿದ್ದೆ ಬರಿಸುವುದಿಲ್ಲ, ಮೈಯ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಉಸಿರಾಟದ ಸ್ನಾಯುಗಳೂ ಸೇರಿ. ಗಂಟಲಿಗೆ ಟ್ಯೂಬ್ ಹಾಕಲು ಅನುಕೂಲ. ಕೊಟ್ಟ ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ 5ರಿಂದ 10 ನಿಮಿಷದಲ್ಲಿ ಇಳಿದುಹೋಗುತ್ತದೆ. ಇಳಿಯುವುದು ತಾನಾಗಿ ಅಲ್ಲ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಆ ಕಿಣ್ವದ ಹೆಸರು ಕೋಲಿನೆಸ್ಟರೇಸ್, ತಯಾರಾಗುವುದು ಲಿವರ್‌ನಲ್ಲಿ. (ನರದ ಕೊನೆಯಲ್ಲಿ ಕೆಲಸ ಮಾಡುವ ಅದೇ ಹೆಸರಿನ ಇನ್ನೊಂದು ಇದೆ, ಇದು ರಕ್ತದಲ್ಲಿ ಓಡಾಡುವಂಥದ್ದು, ಲ್ಯಾಬಿನವರು ಸೀರಂ ಕೋಲಿನೆಸ್ಟರೇಸ್ ಅನ್ನುತ್ತಾರೆ.) ಹುಟ್ಟಿನಿಂದಲೇ ಈ ಕಿಣ್ವ ಇಲ್ಲದವರು, ಇದ್ದರೂ ಕೆಲಸ ಮಾಡದವರು ಕೆಲವರಿರುತ್ತಾರೆ. ಅವರಿಗೆ ದಿನನಿತ್ಯದ ಬದುಕಿನಲ್ಲಿ ಏನೂ ಗೊತ್ತಾಗುವುದಿಲ್ಲ. ಊಟ, ಓಟ, ಆಟ ಎಲ್ಲ ಮಾಮೂಲಿ. ಸ್ಕೋಲಿನ್ ಕೊಟ್ಟ ದಿನ ಮಾತ್ರ ನಿಮಿಷಗಳಲ್ಲಿ ಇಳಿಯಬೇಕಾದದ್ದು ಗಂಟೆಗಟ್ಟಲೆ ನಿಲ್ಲುತ್ತದೆ. ಡೋಸ್ ಸರಿಯಾಗಿಯೇ ಇರುತ್ತದೆ, ಒಡೆಯುವ ಕಿಣ್ವ ಇರುವುದಿಲ್ಲ. ಇದೇನು ಹೊಸ ವಿದ್ಯೆಯೂ ಅಲ್ಲ. ಕೆನಡಾದ ವರ್ನರ್ ಕಾಲೋ ಅನ್ನುವ ವಿಜ್ಞಾನಿ 1950ರ ದಶಕದಲ್ಲೇ ಇದು ವಂಶದಲ್ಲಿ ಬರುವ ಗುಣ ಅಂತ ತೋರಿಸಿ, ಪತ್ತೆ ಮಾಡುವ ಪರೀಕ್ಷೆಯನ್ನೂ ಕೊಟ್ಟಿದ್ದರು.

ಅಪ್ಪ ಅಮ್ಮ ಇಬ್ಬರಿಂದಲೂ ಆ ಗುಣ ಬಂದರೆ ಮಾತ್ರ ಮಗುವಿಗೆ ಪೂರ್ತಿ ಕೊರತೆ. ಒಬ್ಬರಿಂದ ಬಂದರೆ ಅರ್ಧಂಬರ್ಧ, ಅಂಥವರಿಗೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಜಗತ್ತಿನಲ್ಲಿ ಇದು ಅಪರೂಪ. ಆದರೆ ದಕ್ಷಿಣ ಭಾರತದ ಆರ್ಯ ವೈಶ್ಯರಲ್ಲಿ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ಅಧ್ಯಯನಗಳು ತೋರಿಸಿವೆ, ತಲೆಮಾರುಗಳಿಂದ ಒಳಗೊಳಗೇ ಮದುವೆ ಆಗುತ್ತಾ ಬಂದಿರುವುದು ಕಾರಣ. ನಮ್ಮ ಕಡೆಯ ಅನಸ್ತೇಶಿಯಾ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಬಚ್ಚಿಡುವಂಥದ್ದೂ ಇಲ್ಲ, ಒಂದೊಂದು ಸಮುದಾಯದ ರಕ್ತದಲ್ಲಿ ಒಂದೊಂದು ಇರುತ್ತದೆ. ಈ ಮನೆಯಲ್ಲಿ ಹುಡುಗನ ತಾತ ಮತ್ತು ತಾಯಿಯ ಕಡೆಯ ಅಜ್ಜಿ ಅಣ್ಣ ತಂಗಿ. ಚಿಕ್ಕಮಾವ ಇಬ್ಬರಿಗೂ ತಮ್ಮ. ಅಂದರೆ ಚಿಕ್ಕಮಾವನಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಹುಡುಗನ ಅಪ್ಪನ ಕಡೆಗೂ ಅಮ್ಮನ ಕಡೆಗೂ ದಾರಿ ಇತ್ತು.

ಮುಂದಿನ ಸಲ ಮೈಸೂರಿಗೆ ಹೋದಾಗ ಅವಳು ಚೀಟಿಯ ಪ್ರಿಂಟ್ ತೆಗೆಸಿಕೊಂಡು ಹೋದಳು. ಮೊದಲು ಸಿಕ್ಕಿದ್ದು ಸರ್ಜನ್. ಅವರು ಒಳ್ಳೆಯವರೇ, ಆದರೆ ಆವತ್ತು ಅವಸರದಲ್ಲಿದ್ದರು. "ಅದು ಹಳೇ ಔಷಧಿ ಅಮ್ಮಾ, ಮಕ್ಕಳಿಗೆ ಈಗ ಮಾಮೂಲಿಯಾಗಿ ಕೊಡಲ್ಲ, ಯೋಚನೆ ಮಾಡಬೇಡಿ" ಅಂದರು. ಮಾತು ಅರ್ಧ ಸರಿ. 1990ರ ದಶಕದಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಲ್ಲಿ ಇದರ ಬಳಕೆ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೆ ಕಾರಣ ಬೇರೆ, ಗೊತ್ತಾಗದೇ ಉಳಿದ ಸ್ನಾಯುರೋಗ ಇರುವ ಮಕ್ಕಳಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತ ಪ್ರಕರಣಗಳು. ಅಲ್ಲಿಂದೀಚೆಗೆ ಮಕ್ಕಳ ಯೋಜಿತ ಆಪರೇಷನ್‌ಗಳಲ್ಲಿ ಇದನ್ನು ಸುಮ್ಮಸುಮ್ಮನೆ ಬಳಸುವುದಿಲ್ಲ. ಆದರೆ ಥಿಯೇಟರ್‌ನ ಔಷಧಿ ಟ್ರಾಲಿಯಿಂದ ಅದು ಹೋಗಿಲ್ಲ. ಲ್ಯಾರಿಂಗೋಸ್ಪಾಸಂ ಆಗಿ ಬೇರೆ ಯಾವುದಕ್ಕೂ ಬಗ್ಗದಿದ್ದಾಗ ಕೈ ಹೋಗುವುದು ಇದೇ ಸಿರಿಂಜ್‌ಗೆ. ನಾನು ಇದನ್ನು ಅವಳಿಗೆ ಮೊದಲೇ ಹೇಳಿದ್ದೆ. ಅವಳು ಸರ್ಜನ್‌ಗೆ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಎಮರ್ಜೆನ್ಸಿ ಆದರೂ ಕೊಡಲ್ವಾ?" ಅವರು ಒಂದು ಕ್ಷಣ ಯೋಚಿಸಿ, ಚೀಟಿ ಕೈಗೆ ತಗೊಂಡು ಪೂರ್ತಿ ಓದಿ, ಅನಸ್ತೇಶಿಯಾ ಮುಖ್ಯಸ್ಥರ ಹತ್ತಿರ ತಾವೇ ಕಳಿಸಿದರು.

ಆ ಮೇಡಂ ಬಹಳ ಹೊತ್ತು ಕೂರಿಸಿಕೊಂಡು ಮಾತಾಡಿದರು. ವಂಶವೃಕ್ಷ ಬರೆಸಿದರು. ಫಾರ್ಮ್‌ನಲ್ಲಿದ್ದ "ನಿಲ್" ಅನ್ನು ಅವಳೇ ಬೆರಳಿಟ್ಟು ತೋರಿಸಿ, "ಮೇಡಂ, ಇದನ್ನ ತಿದ್ದಬೇಕು" ಅಂದಳು. ಅವರು ಹೊಡೆದು ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದರು. ಆಮೇಲೆ ಹೇಳಿದರು, "ಈ ಮಗುವಿಗೆ ಸ್ಕೋಲಿನ್ ಕೊಡೋದಿಲ್ಲ, ರಕ್ತದ ರಿಪೋರ್ಟ್ ಏನೇ ಬರಲಿ. ಆದರೂ ಪರೀಕ್ಷೆ ಮಾಡಿಸಿ, ಯಾಕಂದ್ರೆ ಇದು ಈ ಆಪರೇಷನ್‌ಗೆ ಮಾತ್ರ ಬೇಕಾಗಿರೋದಲ್ಲ." ನನಗೆ ಈ ಮಾತು ಬಹಳ ಹಿಡಿಸಿತು.

ರಕ್ತ ಕೊಟ್ಟದ್ದು ಕುಶಾಲನಗರದಲ್ಲಿ. ಲ್ಯಾಬಿನ ಹುಡುಗ ಚೀಟಿ ನೋಡಿ ಗಾಬರಿಯಾಗಿ, "ಮಗು ಏನು ಕುಡೀತು? ಯಾವಾಗ ಕುಡೀತು?" ಅಂತ ಕೇಳಿದ. ಅವನ ತಪ್ಪಿಲ್ಲ. ಕಾಫಿ ತೋಟದ ಜಿಲ್ಲೆಯಲ್ಲಿ ಕೋಲಿನೆಸ್ಟರೇಸ್ ಪರೀಕ್ಷೆ ಬರೆದರು ಅಂದರೆ ಯಾರೋ ತೋಟದ ಔಷಧಿ ಕುಡಿದಿದ್ದಾರೆ ಅಂತಲೇ ಅರ್ಥ. ಬಿಳಿ ಕಾಂಡಕೊರಕ ಹುಳುವಿಗೆ ಅಂತ ಅರೇಬಿಕಾ ಕಾಫಿ ಗಿಡದ ಕಾಂಡಕ್ಕೆ ಬಳಿಯುವ ಕ್ಲೋರ್‌ಪೈರಿಫಾಸ್ ಥರದ ಔಷಧಿಗಳು ಇದೇ ಕಿಣ್ವವನ್ನು ಕಟ್ಟಿಹಾಕುತ್ತವೆ, ಆಸ್ಪತ್ರೆಗೆ ಬಂದವರಲ್ಲಿ ಎಷ್ಟು ಇಳಿದಿದೆ ಅಂತ ನೋಡಲು ಈ ಪರೀಕ್ಷೆ.

ರಿಪೋರ್ಟ್ ಬಂತು. ಸಾವಿರಗಳಲ್ಲಿ ಇರಬೇಕಾದ ಅಂಕಿ ನೂರರ ಆಸುಪಾಸಿನಲ್ಲಿತ್ತು.

ಆಗ ಮನೆಯಲ್ಲಿ ಎದ್ದದ್ದು ಬೇರೆಯದೇ ಗಲಾಟೆ. ಕೆಳಗೆ ಅಂಗಡಿಯಲ್ಲಿ ಅದೇ ಔಷಧಿಯ ಡಬ್ಬಗಳು, ಮೇಲೆ ಮಗು. ಸ್ಕೋಲಿನ್ ವಿಷಯ ಎಲ್ಲರ ತಲೆಯಿಂದ ಹಾರಿಹೋಗಿ, ನಮ್ಮ ಅಂಗಡಿಯ ಔಷಧಿಯೇ ಮಗುವಿನ ಮೈ ಸೇರಿದೆ ಅಂತ ಅಪ್ಪ ಕುಸಿದು ಕೂತರು. ಮನೆ ಖಾಲಿ ಮಾಡುವ ಮಾತು ಬಂತು. ಇದು ತಳ್ಳಿಹಾಕುವಂಥ ಅನುಮಾನ ಅಲ್ಲ, ಡಾಕ್ಟರೂ ತಳ್ಳಿಹಾಕಲಿಲ್ಲ. ಎರಡು ಕಾರಣಗಳಲ್ಲಿ ಯಾವುದು ಅಂತ ಬೇರ್ಪಡಿಸಬೇಕಿತ್ತು. ಅವರು ಯೋಚಿಸಿದ ರೀತಿ ಬಹಳ ಚೆನ್ನಾಗಿತ್ತು, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಔಷಧಿಯ ವಿಷದಿಂದ ಕಿಣ್ವ ಇಷ್ಟು ತಳಕ್ಕೆ ಬಿದ್ದಿದ್ದರೆ ಮಗುವಿನಲ್ಲಿ ಏನಾದರೂ ಲಕ್ಷಣ ಕಾಣಬೇಕಿತ್ತು. ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚಿಕ್ಕದಾಗುವುದು, ಸ್ನಾಯು ಅದುರುವುದು. ಹುಡುಗ ಡಾಕ್ಟರ್ ಮುಂದೆಯೇ ಕುರ್ಚಿ ಹತ್ತಿ ಇಳಿದು ಆಡುತ್ತಿದ್ದ. ಎರಡನೆಯದು, ಡಬ್ಬ ಮುಟ್ಟುವವರು, ಒಡೆದ ಬಾಟಲಿ ಗುಡಿಸುವವರು ಅಪ್ಪ. ಅವರ ರಕ್ತವನ್ನೂ ಕಳಿಸಿದರು. ಅವರದು ಮಾಮೂಲಿಗಿಂತ ಕಡಿಮೆ ಬಂತು, ಹೆಚ್ಚುಕಡಿಮೆ ಅರ್ಧ. ಅಂಗಡಿಯಲ್ಲಿ ದಿನವಿಡೀ ಇರುವವರಿಗೆ ಅರ್ಧ ಇದ್ದು, ಮೇಲಿನ ಮನೆಯಲ್ಲಿರುವ ಮಗುವಿಗೆ ಏನೂ ಇಲ್ಲ ಅಂದರೆ ಲೆಕ್ಕ ಕೂಡುವುದಿಲ್ಲ. ಮೂರನೆಯದು, ಇದು ನಿರ್ಣಾಯಕ. ಔಷಧಿಯಿಂದ ಇಳಿದಿದ್ದರೆ, ಔಷಧಿಯಿಂದ ದೂರ ಇಟ್ಟ ಮೇಲೆ ಲಿವರ್ ಹೊಸದಾಗಿ ತಯಾರಿಸುತ್ತದೆ, ಕೆಲವು ವಾರಗಳಲ್ಲಿ ಅಂಕಿ ಏರುತ್ತಾ ಹೋಗಬೇಕು. ದಸರಾ ರಜೆ ಹೇಗೂ ಹತ್ತಿರ ಇತ್ತು. ಹುಡುಗನನ್ನು ತಾಯಿಯ ತವರಿಗೆ, ಹಾಸನಕ್ಕೆ ಕಳಿಸಿದರು. ರಜೆ ಮುಗಿದ ಮೇಲೆ ಅಲ್ಲಿಯೇ ಮತ್ತೆ ರಕ್ತ ತೆಗೆಸಿದರು. ಅಂಕಿ ಒಂದಿಷ್ಟೂ ಮೇಲೆ ಬಂದಿರಲಿಲ್ಲ. ಅಷ್ಟರಲ್ಲಿ ಅರಸೀಕೆರೆಯ ಚಿಕ್ಕಮಾವನೂ ರಕ್ತ ಕೊಟ್ಟಿದ್ದರು, ತೋಟದ ಔಷಧಿಯ ವಾಸನೆಯೂ ಗೊತ್ತಿಲ್ಲದ ಬಟ್ಟೆ ವ್ಯಾಪಾರಿ ಅವರು. ಅವರದೂ ಹುಡುಗನಷ್ಟೇ ಕಡಿಮೆ. ತಾಯಿಯದು ಅರ್ಧ. ಹುಡುಗನ ಅಕ್ಕನದು ಮಾಮೂಲಿ.

ಅಲ್ಲಿಗೆ ವಂಶದ್ದೇ ಅಂತ ಖಚಿತವಾಯಿತು. ಅಪ್ಪನ ಅರ್ಧದಲ್ಲಿ ಅಂಗಡಿಯ ಪಾಲೂ ಸ್ವಲ್ಪ ಇರಬಹುದು, ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ ಅಂತ ಮೇಡಂ ನೇರವಾಗಿಯೇ ಹೇಳಿದರು. ಅವರು ಈಗ ಗ್ಲೌಸ್ ಹಾಕಿಕೊಳ್ಳುತ್ತಿದ್ದಾರೆ, ಮೆಟ್ಟಿಲ ಕೆಳಗಿದ್ದ ದಾಸ್ತಾನನ್ನು ಹಿಂದಿನ ಶೆಡ್‌ಗೆ ಸಾಗಿಸಿದ್ದಾರೆ. ಅದು ಹೇಗಿದ್ದರೂ ಆಗಬೇಕಾದ ಕೆಲಸವೇ.

ಆಪರೇಷನ್ ತಾರೀಖು ನವೆಂಬರ್‌ಗೆ ನಿಂತಿತು. ಹಿಂದಿನ ದಿನ ಅಡ್ಮಿಟ್ ಆದರು. ಕೇಸ್ ಶೀಟಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಯಲಾಗಿತ್ತು, ಸ್ಕೋಲಿನ್ ಬೇಡ ಅಂತ. ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಇನ್ನೊಂದು ಔಷಧಿ ರೋಕ್ಯುರೋನಿಯಂ, ಅದಕ್ಕೆ ಈ ಕಿಣ್ವದ ಹಂಗಿಲ್ಲ. ಅದನ್ನು ಬೇಗ ಇಳಿಸಬೇಕಾದರೆ ಸುಗಮ್ಮಡೆಕ್ಸ್ ಅನ್ನುವ ಔಷಧಿ ಇದೆ, ದುಬಾರಿ, ಆದರೂ ತರಿಸಿ ಥಿಯೇಟರ್‌ನೊಳಗೇ ಇಟ್ಟುಕೊಂಡಿದ್ದರು. ಗಂಟಲು ಕಟ್ಟಿಕೊಂಡರೆ ಮಾಸ್ಕ್‌ನಿಂದ ಒತ್ತಡದಲ್ಲಿ ಆಮ್ಲಜನಕ, ನಿದ್ದೆ ಬರಿಸುವ ಪ್ರೊಪೊಫಾಲ್, ಆಮೇಲೆ ಬೇಕಾದರೆ ರೋಕ್ಯುರೋನಿಯಂ ಅಂತ ಮೊದಲೇ ಮಾತಾಗಿತ್ತು.

ಇಷ್ಟಾದ ಮೇಲೂ ತಾಯಿ ಇನ್ನೊಂದು ಕೇಳಿದಳು. ನಾನು ಇಷ್ಟು ವರ್ಷ ಥಿಯೇಟರ್‌ನಲ್ಲಿದ್ದು ಯಾವ ಪೋಷಕರ ಬಾಯಲ್ಲೂ ಕೇಳದ ಪ್ರಶ್ನೆ ಅದು. "ಮೇಡಂ, ರಾತ್ರಿ ಗಂಟಲಲ್ಲಿ ರಕ್ತ ಬಂದು ಮತ್ತೆ ಒಳಗೆ ತಗೊಂಡು ಹೋಗಬೇಕಾದ್ರೆ ನೀವು ಇರಲ್ಲ ಅಲ್ವಾ? ಆಗ ಇರೋ ಡಾಕ್ಟರಿಗೆ ಯಾರು ಹೇಳ್ತಾರೆ?" ಟಾನ್ಸಿಲ್ ಆದ ಮೊದಲ 24 ಗಂಟೆಯಲ್ಲಿ ರಕ್ತಸ್ರಾವ ಆಗಬಹುದು. ಆಗ ಮಗು ರಕ್ತ ನುಂಗಿರುತ್ತದೆ, ಹೊಟ್ಟೆ ತುಂಬಿರುತ್ತದೆ, ಬೇಗ ಟ್ಯೂಬ್ ಹಾಕಬೇಕಾಗುತ್ತದೆ, ಅಂಥ ಹೊತ್ತಲ್ಲಿ ಬಹಳ ಡಾಕ್ಟರುಗಳಿಗೆ ಮೊದಲು ನೆನಪಾಗುವುದು ಸ್ಕೋಲಿನ್. ಅಂದರೆ ಹಗಲಿನ ಯೋಜಿತ ಆಪರೇಷನ್‌ಗಿಂತ ರಾತ್ರಿಯ ಆ ಎರಡನೇ ಪ್ರವೇಶದಲ್ಲೇ ಈ ಹುಡುಗನಿಗೆ ಅಪಾಯ ಜಾಸ್ತಿ ಇತ್ತು. ಮೇಡಂ ಮಾರನೇ ದಿನದ ರಾತ್ರಿ ಪಾಳಿಯ ಡಾಕ್ಟರಿಗೆ ಅವಳ ಎದುರೇ ಫೋನ್ ಮಾಡಿದರು. ಹುಡುಗನ ಕೈಗೆ ಕೆಂಪು ಪಟ್ಟಿ ಕಟ್ಟಿಸಿದರು. ವಾರ್ಡಿನ ಸಿಸ್ಟರ್ ಒಬ್ಬರು ಮಂಚದ ತಲೆಯ ಹತ್ತಿರ ಪ್ಲಾಸ್ಟರ್ ಅಂಟಿಸಿ ಅದರ ಮೇಲೂ ಬರೆದರು.

ಊಟದ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ವಾರ್ಡಿನಲ್ಲಿ ರಾತ್ರಿ ಹನ್ನೆರಡರ ಮೇಲೆ ನೀರೂ ಇಲ್ಲ ಅಂದಿದ್ದರು. ಕೇಳಿದಾಗ ಗೊತ್ತಾಯಿತು, ಗಟ್ಟಿ ಆಹಾರ ಮತ್ತು ಹಸುವಿನ ಹಾಲು 6 ಗಂಟೆ ಮುಂಚೆ ನಿಲ್ಲಿಸಬೇಕು, ಬರೀ ನೀರನ್ನು 2 ಗಂಟೆ ಮುಂಚಿನವರೆಗೂ ಕೊಡಬಹುದು. ಹಾಲು ಹಾಕಿದ ಕಾಫಿ, ಟೀ, ರಾಗಿ ಗಂಜಿ ಎಲ್ಲ ಊಟದ ಲೆಕ್ಕವೇ. ಮಗುವನ್ನು ಪಟ್ಟಿಯಲ್ಲಿ ಮೊದಲನೆಯವನಾಗಿ ಹಾಕಿದ್ದರಿಂದ ಜಾಸ್ತಿ ಹಸಿವಿರಲಿಲ್ಲ.

ಆಪರೇಷನ್ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಸರಾಗವಾಗಿ ಆಯಿತು. ಮಾಸ್ಕ್‌ನಲ್ಲಿ ನಿದ್ದೆ ಬರುವವರೆಗೂ ತಾಯಿಯನ್ನು ಒಳಗೆ ಬಿಟ್ಟಿದ್ದರು. ಮುಗಿದ ಮೇಲೆ ಹುಡುಗ ಸರಿಯಾದ ಹೊತ್ತಿಗೆ ಉಸಿರಾಡಿದ, ಅತ್ತ, ಐಸ್‌ಕ್ರೀಂ ಕೇಳಿದ. ರಕ್ತಸ್ರಾವ ಆಗಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ಮಗುವಾದ್ದರಿಂದ ರಾತ್ರಿಯಿಡೀ ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿ ನೋಡಿಕೊಂಡರು, ನೋವಿಗೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಸಾಕಾಯಿತು. ಕೊಡೀನ್ ಇರುವ ಔಷಧಿಯನ್ನು ಟಾನ್ಸಿಲ್ ತೆಗೆದ ಮಕ್ಕಳಿಗೆ ಕೊಡಬಾರದು, ಕೆಲವು ಮಕ್ಕಳಲ್ಲಿ ಉಸಿರು ಕುಗ್ಗಿಸುತ್ತದೆ, ಆದ್ದರಿಂದ ಮನೆಯಲ್ಲಿರುವ ಹಳೇ ಕೆಮ್ಮಿನ ಸಿರಪ್ ಹಾಕಬೇಡಿ ಅಂತ ಎಚ್ಚರಿಸಿ ಕಳಿಸಿದರು. ಎರಡನೇ ಸುತ್ತಿನ ರಕ್ತಸ್ರಾವ ಸಾಮಾನ್ಯವಾಗಿ 5ರಿಂದ 10ನೇ ದಿನದೊಳಗೆ ಬರುವುದು. ಅದಕ್ಕೇ ಊರಿಗೆ ಬಾರದೆ ಅಷ್ಟು ದಿನ ಮೈಸೂರಿನ ನೆಂಟರ ಮನೆಯಲ್ಲೇ ಉಳಿದರು. ಸೋಮವಾರಪೇಟೆ ಕಡೆಯಿಂದ ರಾತ್ರಿ ಹೊತ್ತಲ್ಲಿ ಮಗುವನ್ನು ಎತ್ತಿಕೊಂಡು ಮೈಸೂರು ಮುಟ್ಟುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ರೈಲು ಅಂತೂ ನಮ್ಮ ಜಿಲ್ಲೆಗೇ ಇಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಚೀಟಿ ಸಿಗದೇ ಇದ್ದಿದ್ದರೆ ಹುಡುಗ ಸತ್ತೇಹೋಗುತ್ತಿದ್ದ ಅಂತ ನಾನು ಹೇಳುವುದಿಲ್ಲ. ಸ್ಕೋಲಿನ್ ಕೊಡುವ ಸಂದರ್ಭವೇ ಬಾರದೇ ಇರಬಹುದಿತ್ತು. ಕೊಟ್ಟಿದ್ದರೂ ವೆಂಟಿಲೇಟರ್ ಇರುವ ಆಸ್ಪತ್ರೆಯಲ್ಲಿ ಕೆಲವು ಗಂಟೆ ಮಿಷನ್‌ನಲ್ಲಿಟ್ಟು, ನಿದ್ದೆಯ ಔಷಧಿ ಮುಂದುವರಿಸಿ ಕಾದಿದ್ದರೆ ಸರಿಹೋಗುತ್ತಿದ್ದ, ಚಿಕ್ಕಮಾವ ಸರಿಹೋದ ಹಾಗೆಯೇ. ಅಪಾಯ ಇರುವುದು ಕಾರಣ ಗೊತ್ತಾಗದೇ ಹೋದಾಗ. ಔಷಧಿ ಇಳಿಯಿತು ಅಂದುಕೊಂಡು ನಿದ್ದೆ ನಿಲ್ಲಿಸಿದರೆ, ಮೈಯ ಒಂದು ಬೆರಳೂ ಆಡಿಸಲಾಗದ ಮಗು ಎಚ್ಚರವಾಗಿಯೇ ಎಲ್ಲ ಕೇಳಿಸಿಕೊಂಡು ಮಲಗಿರುತ್ತದೆ. ಅಥವಾ ಬೇಗ ಟ್ಯೂಬ್ ತೆಗೆದುಬಿಡುತ್ತಾರೆ. ವೆಂಟಿಲೇಟರ್ ಇಲ್ಲದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಏನಾಗಬಹುದು ಅಂತ ಯೋಚಿಸಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ತಾಯಿಯ ಬಗ್ಗೆ ಒಂದಿಷ್ಟು. ಅವಳು ಪಿಯುಸಿ ಓದಿದವಳು, ಮೆಡಿಕಲ್ ಪದ ಒಂದೂ ಗೊತ್ತಿರಲಿಲ್ಲ. ಯಾರ ಮೇಲೂ ದನಿ ಏರಿಸಲಿಲ್ಲ. ವಿಡಿಯೋ ಇಟ್ಟಳು, ಚೀಟಿ ಇಟ್ಟಳು, "ನಿಲ್" ತಿದ್ದಿಸಿದಳು, ಗೊತ್ತಾಗದ್ದನ್ನು ಮತ್ತೆ ಕೇಳಿದಳು, ಅತ್ತೆಯ ಕೋಪವನ್ನೂ ಎದುರಿಸಿದಳು. ಒಳ್ಳೆಯ ಡಾಕ್ಟರುಗಳೇ ಸಿಕ್ಕಿದ್ದರು, ಆದರೆ ಅವರಿಗೆ ಬೇಕಾಗಿದ್ದ ಒಂದು ವಿಷಯ ಅವರ ಯಾವ ಯಂತ್ರದಲ್ಲೂ ಇರಲಿಲ್ಲ, ಅರಸೀಕೆರೆಯ ಬೀರುವಿನಲ್ಲಿತ್ತು. ಅಲ್ಲಿಂದ ತರಿಸುವುದು ಮನೆಯವರಿಂದಲೇ ಆಗಬೇಕು.

ಆಪರೇಷನ್ ಆದ ಮೇಲೆ ಮೇಡಂ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟರು. ಸ್ಕೋಲಿನ್ ಮತ್ತು ಅದೇ ಕಿಣ್ವದಿಂದ ಇಳಿಯುವ ಮಿವಾಕ್ಯೂರಿಯಂ ಎರಡನ್ನೂ ಕೊಡಬಾರದು ಅಂತ. ಅದರ ಲ್ಯಾಮಿನೇಟ್ ಮಾಡಿದ ಪ್ರತಿ ಹುಡುಗನ ಸ್ಕೂಲ್ ಬ್ಯಾಗಿನಲ್ಲಿದೆ, ಒಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಒಂದನ್ನು ಊರಿನ ಆಸ್ಪತ್ರೆಯ ಡಾಕ್ಟರಿಗೆ ಕೊಟ್ಟು ಬಂದಿದ್ದಾರೆ. ಅತ್ತೆಯ ಕಡೆಯವರಲ್ಲಿ ಕೆಲವರು ಪರೀಕ್ಷೆಗೆ ಒಪ್ಪಿಲ್ಲ. ಹೆಣ್ಣುಮಕ್ಕಳಿಗೆ ಸಂಬಂಧ ನೋಡುತ್ತಿರುವ ಮನೆಗಳು, "ಕಾಯಿಲೆ ಮನೆತನ" ಅನ್ನಿಸಿಕೊಳ್ಳುವ ಭಯ ಅವರಿಗೆ. ಅವರಿಗೆ ಹೇಳುತ್ತಲೇ ಇದ್ದೇವೆ.

ಚಿಕ್ಕಮಾವನ ಮಗಳು ಬೆಂಗಳೂರಿನಲ್ಲಿ ಈಗ ಏಳು ತಿಂಗಳ ಬಸುರಿ. ಅಪ್ಪನಿಗೆ ಪೂರ್ತಿ ಕೊರತೆ ಇರುವುದರಿಂದ ಅವಳಿಗೆ ಅರ್ಧವಂತೂ ಬಂದೇ ಬಂದಿರುತ್ತದೆ. ಗಂಡನೂ ಅದೇ ಸಮುದಾಯದವರು. ಬಸುರಿಯಲ್ಲಿ ಈ ಕಿಣ್ವ ಇನ್ನೂ ಸ್ವಲ್ಪ ಇಳಿಯುತ್ತದೆ, ತುರ್ತು ಸಿಸೇರಿಯನ್‌ಗೆ ಪೂರ್ತಿ ಮತ್ತು ಕೊಡಬೇಕಾಗಿ ಬಂದರೆ ಸ್ಕೋಲಿನ್ ಬಳಸುವುದು ಇವತ್ತಿಗೂ ಇದೆ. ಹುಡುಗನ ತಾಯಿ ಆ ಹಳೇ ಚೀಟಿಯನ್ನೂ ಹೊಸ ಪತ್ರವನ್ನೂ ಅವಳಿಗೆ ಕಳಿಸಿ, ಡಾಕ್ಟರಿಗೆ ತೋರಿಸಿದೆಯಾ ಅಂತ ತೋರಿಸುವವರೆಗೂ ಫೋನ್ ಮಾಡುತ್ತಿದ್ದಳು. ಹೋದ ವಾರ ಅಲ್ಲಿನ ಕೇಸ್ ಶೀಟಿನಲ್ಲಿ ಬರೆಸಿ ಫೋಟೋ ಕಳಿಸಿದ್ದಾಳೆ, ರಕ್ತವನ್ನೂ ಕೊಟ್ಟಿದ್ದಾಳೆ, ರಿಪೋರ್ಟ್ ಬರಬೇಕು.